ಸಂತ ಆಡ್ರಿಯ ಹೆಸರು ಸಂತೆಗೆ ಬಂದಿದ್ದು

ಇಂಗ್ಲಿಷಲ್ಲಿ ಟಾಡ್ರಿ ಅಂತ ಒಂದು ವಿಶೇಷಣ ಇದೆ. ದಿನಾ ಕಿವಿಗೆ ಬೀಳೋ ಪದ ಅಲ್ಲ, ಆಫೀಸ್ ಮೇಲ್‌ಗಳಲ್ಲಿ ಯಾರೂ ಬರೆಯಲ್ಲ, ಆದ್ರೆ ಇಂಗ್ಲಿಷ್ ಪೇಪರ್ ಓದೋ ಅಭ್ಯಾಸ ಇರೋರಿಗೆ ಅಲ್ಲೊಂದು ಇಲ್ಲೊಂದು ಕಡೆ ಸಿಕ್ಕಿರತ್ತೆ. ಯಾವುದೋ ದೊಡ್ಡ ಮನುಷ್ಯರ ಗುಟ್ಟು ರಟ್ಟಾದಾಗ ‘ಟಾಡ್ರಿ ಅಫೇರ್’ ಅಂತ ಬರೀತಾರೆ, ಕಣ್ಣು ಕುಕ್ಕೋ ಹಾಗೆ ಅಲಂಕಾರ ಮಾಡಿರೋ ಆದ್ರೆ ಒಂಚೂರೂ ಲಕ್ಷಣ ಇಲ್ಲದಿರೋ ಜಾಗಕ್ಕೆ, ಬಟ್ಟೆಗೆ, ಒಡವೆಗೆ ಟಾಡ್ರಿ ಅಂತಾರೆ. ಥಳಕು ಇದೆ ಆದ್ರೆ ಬೆಲೆ ಇಲ್ಲ, ಮೇಲೆ ಹೊಳಪು ಒಳಗೆ ಏನೂ ಇಲ್ಲ. ನಮ್ಮ ಕಡೆ ಗಿಲೀಟು ಅಂತೀವಲ್ಲ, ಹೆಚ್ಚುಕಮ್ಮಿ ಅದೇ ಭಾವ, ಜೊತೆಗೆ ಸ್ವಲ್ಪ ಅಸಹ್ಯನೂ ಸೇರಿಕೊಂಡಿದೆ.

ಈ ಪದದ ಮೂಲ ಹುಡುಕ್ತಾ ಹೋದ್ರೆ ಕೊನೇಗೆ ಸಿಗೋದು 7ನೇ ಶತಮಾನದ ಒಬ್ಬ ರಾಣಿ, ಅವಳ ಕುತ್ತಿಗೇಲಿ ಎದ್ದಿದ್ದ ಒಂದು ಗಡ್ಡೆ, ಅವಳ ಹೆಸರಲ್ಲಿ ನಡೀತಿದ್ದ ಒಂದು ಜಾತ್ರೆ, ಆ ಜಾತ್ರೇಲಿ ಹುಡುಗೀರು ಕೊಳ್ತಿದ್ದ ರೇಷ್ಮೆ ದಾರ. ನಾನು ಜಾತ್ರೇಲಿ ಬಳೆ ರಿಬ್ಬನ್ ಮಾರ್ತಿದ್ದ ಮನೆಯಿಂದ ಬಂದೋಳು, ನಮ್ಮತ್ತೆ ಸಿರ್ಸಿ ಮಾರಿಕಾಂಬಾ ಜಾತ್ರೇಲಿ ಅಂಗಡಿ ಹಾಕ್ತಿದ್ರು, ಹಾಗಾಗಿ ಇದನ್ನ ಓದಿ ಓಹ್ ಹೌದಾ ಅಂದು ಪುಟ ತಿರುಗಿಸಿ ಮುಂದೆ ಹೋಗೋಕೆ ನನ್ನಿಂದ ಆಗ್ಲಿಲ್ಲ.

ರಾಣಿ ಹೆಸರು ಎಥೆಲ್‌ಥ್ರಿತ್. ಹಳೇ ಇಂಗ್ಲಿಷಲ್ಲಿ ಎಥೆಲ್ ಅಂದ್ರೆ ಕುಲೀನ, ಥ್ರಿತ್ ಅಂದ್ರೆ ಬಲ. ಈಗಿನ ಇಂಗ್ಲೆಂಡಿನ ಪೂರ್ವ ಭಾಗದಲ್ಲಿ ಈಸ್ಟ್ ಆಂಗ್ಲಿಯಾ ಅಂತ ಒಂದು ರಾಜ್ಯ ಇತ್ತು, ಅದರ ರಾಜನ ಮಗಳು. ರಾಜನ ಹೆಸರು ಅನ್ನಾ, ಇವತ್ತು ಕೇಳಿದ್ರೆ ಹೆಣ್ಣಿನ ಹೆಸರು ಅನ್ಸತ್ತೆ, ಆದ್ರೆ ಗಂಡಸೇ. ಅವಳ ಬಗ್ಗೆ ನಮಗೆ ಗೊತ್ತಿರೋದ್ರಲ್ಲಿ ಹೆಚ್ಚಿನದು ಬೀಡ್ ಅನ್ನೋ ಸನ್ಯಾಸಿ ಬರೆದಿಟ್ಟಿದ್ದು. ಇಂಗ್ಲೆಂಡಿನ ಉತ್ತರಕ್ಕಿರೋ ಜಾರೋ ಮಠದಲ್ಲಿ ಕೂತು 731ರಲ್ಲಿ ಆತ ಇಂಗ್ಲಿಷ್ ಜನರ ಚರ್ಚಿನ ಇತಿಹಾಸ ಬರೆದು ಮುಗಿಸಿದ, ಅದರ ನಾಲ್ಕನೇ ಭಾಗದಲ್ಲಿ ಇವಳಿಗೆ ಅಂತಲೇ ಒಂದು ಅಧ್ಯಾಯ ಕೊಟ್ಟಿದ್ದಾನೆ, ಅಷ್ಟಕ್ಕೇ ನಿಲ್ಲಿಸದೆ ಅವಳ ಮೇಲೆ ಒಂದು ಸ್ತೋತ್ರನೂ ಬರೆದಿದ್ದಾನೆ.

ಅವಳಿಗೆ ಎರಡು ಮದುವೆ ಆಯ್ತು, ಎರಡೂ ರಾಜಕೀಯದ ಮದುವೆ. ಮೊದಲನೇ ಗಂಡ ಟೊಂಡ್‌ಬರ್ಟ್, ಫೆನ್ಸ್ ಅಂತ ಕರೆಯೋ ಜೌಗು ಪ್ರದೇಶದ ಒಬ್ಬ ನಾಯಕ, ಮದುವೆಯಾಗಿ ಸ್ವಲ್ಪ ಕಾಲಕ್ಕೇ ತೀರಿಕೊಂಡ. ಆಮೇಲೆ 660ರ ಸುಮಾರಿಗೆ ನಾರ್ಥಂಬ್ರಿಯಾದ ರಾಜಕುಮಾರ ಎಗ್‌ಫ್ರಿತ್ ಜೊತೆ ಮದುವೆ ಮಾಡಿಸಿದ್ರು, ಆ ಹುಡುಗ ಆಗ ಇನ್ನೂ ಹದಿನೈದರ ಆಸುಪಾಸು, ಇವಳು ಅವನಿಗಿಂತ ವಯಸ್ಸಲ್ಲಿ ದೊಡ್ಡವಳು. ಎರಡು ಮದುವೆ ಆದ್ರೂ ಕನ್ಯೆಯಾಗಿಯೇ ಉಳಿದಳು ಅಂತ ಬೀಡ್ ಹೇಳ್ತಾನೆ, ಕೆಲವರಿಗೆ ಇದು ನಂಬೋಕೆ ಕಷ್ಟ ಅಂತ ಅವನಿಗೂ ಗೊತ್ತಿತ್ತು, ಅದಕ್ಕೇ ಬಿಷಪ್ ವಿಲ್‌ಫ್ರಿಡ್ ಬಾಯಿಂದಲೇ ಕೇಳಿ ತಿಳ್ಕೊಂಡೆ ಅಂತ ಸಾಕ್ಷಿ ಕೊಡ್ತಾನೆ. ಹೆಂಡತಿನ ಒಪ್ಪಿಸಿದ್ರೆ ಜಮೀನು, ಹಣ ಕೊಡ್ತೀನಿ ಅಂತ ಅಷ್ಟೊತ್ತಿಗೆ ರಾಜನಾಗಿದ್ದ ಎಗ್‌ಫ್ರಿತ್ ಆ ಬಿಷಪ್‌ಗೇ ಹೇಳಿದ್ನಂತೆ. ಅವಳು ಒಪ್ಪಲಿಲ್ಲ. ಹನ್ನೆರಡು ವರ್ಷ ಆದಮೇಲೆ ಬಿಡುಗಡೆ ಕೇಳಿ ಪಡೆದು ಕೋಲ್ಡಿಂಗ್‌ಹ್ಯಾಮ್ ಮಠಕ್ಕೆ ಹೋಗಿ ಸನ್ಯಾಸಿನಿಯಾದಳು, ಆ ಮಠ ನಡೆಸ್ತಿದ್ದಿದ್ದು ರಾಜನ ಸ್ವಂತ ಸೋದರತ್ತೆ. ಆಮೇಲಿನ ಕಾಲದ ಜನ ಈ ಪ್ರಯಾಣದ ಸುತ್ತ ಎಷ್ಟೋ ಪವಾಡದ ಕಥೆ ಕಟ್ಟಿದ್ರು, ದಾರೀಲಿ ಕೋಲು ನೆಟ್ಟು ಮಲಗಿದ್ರೆ ಎದ್ದೇಳೋ ಹೊತ್ತಿಗೆ ಅದು ಚಿಗುರಿ ಮರ ಆಗಿತ್ತು ಅನ್ನೋದು ಅದರಲ್ಲಿ ಒಂದು.

673ರಲ್ಲಿ ಅವಳು ಈಲಿ ಅನ್ನೋ ಜಾಗದಲ್ಲಿ ಮಠ ಕಟ್ಟಿದಳು. ಸುತ್ತ ಜೌಗು, ನೀರು, ಮಧ್ಯೆ ಎತ್ತರದ ಒಂದು ನೆಲ, ದ್ವೀಪ ಅಂತಲೇ ಕರೀತಿದ್ರು. ಅಲ್ಲಿನ ನೀರಲ್ಲಿ ಈಲ್ ಮೀನು, ನಮ್ಮ ಕಡೆ ಹಾವುಮೀನು ಅಂತೀವಲ್ಲ ಅದು, ಹೇರಳವಾಗಿ ಸಿಗ್ತಿದ್ದರಿಂದ ಆ ಹೆಸರು ಅಂತ ಬೀಡ್ ವಿವರಣೆ. ಮಠದಲ್ಲಿ ಅವಳು ಹೇಗಿದ್ದಳು ಅನ್ನೋದನ್ನ ಆತ ಬರೆದಿರೋ ರೀತಿ ನನಗೆ ತುಂಬಾ ಹಿಡಿಸ್ತು, ಯಾಕಂದ್ರೆ ಹೊಗಳಿಕೆ ಸುರಿಯೋ ಬದಲು ಸಣ್ಣಸಣ್ಣ ವಿವರ ಕೊಡ್ತಾನೆ. ನಾರುಬಟ್ಟೆಯ ನುಣುಪು ಬೇಡ ಅಂತ ಒರಟು ಉಣ್ಣೆ ಮಾತ್ರ ಉಡ್ತಿದ್ದಳು, ದಿನಕ್ಕೆ ಹೆಚ್ಚಾಗಿ ಒಂದೇ ಊಟ, ಬಿಸಿನೀರು ಸ್ನಾನ ಅನ್ನೋದು ಈಸ್ಟರ್ ತರದ ದೊಡ್ಡ ಹಬ್ಬಗಳ ಮುಂಚೆ ಮಾತ್ರ, ಆಗಲೂ ಮಠದ ಉಳಿದೋರಿಗೆಲ್ಲ ತಾನೇ ನಿಂತು ನೀರು ಹಾಕಿ ಎಲ್ಲರದ್ದೂ ಆದಮೇಲೆ ಕೊನೇಗೆ ತಾನು. ರಾಣಿಯಾಗಿದ್ದೋಳು.

679ರಲ್ಲಿ ತೀರಿಕೊಂಡಳು. ಮಠದಲ್ಲಿ ಪ್ಲೇಗಿನಂಥ ಸಾಂಕ್ರಾಮಿಕ ಬಂದಿತ್ತು, ಅವಳಿಗೆ ದವಡೆ ಕೆಳಗೆ ದೊಡ್ಡ ಗಡ್ಡೆ ಎದ್ದಿತ್ತು. ಕೈನೆಫ್ರಿತ್ ಅನ್ನೋ ವೈದ್ಯ ಅದನ್ನ ಕೊಯ್ದು ಕೆಟ್ಟ ರಸ ಹೊರಗೆ ತೆಗೆದ, ಎರಡು ದಿನ ಆರಾಮ ಅನ್ನಿಸ್ತು, ಬದುಕ್ತಾಳೆ ಅಂದ್ಕೊಂಡ್ರು, ಮೂರನೇ ದಿನ ನೋವು ಮತ್ತೆ ಏರಿ ಹೋಗೇಬಿಟ್ಟಳು. ಆ ನೋವಿನಲ್ಲೂ ಅವಳು ಹೇಳ್ತಿದ್ದ ಮಾತು ಬೀಡ್ ಬರೆದಿದ್ದಾನೆ: ಚಿಕ್ಕವಳಿದ್ದಾಗ ಈ ಕುತ್ತಿಗೆ ಮೇಲೆ ಬೇಡದ ಹಾರಗಳ ಭಾರ ಹೊತ್ತಿದ್ದೆ, ಈಗ ಚಿನ್ನ ಮುತ್ತಿನ ಜಾಗದಲ್ಲಿ ಈ ಕೆಂಪು ಗಡ್ಡೆ ಕೂತಿದೆ, ದೇವರು ನನ್ನ ಹಗುರ ಮಾಡ್ತಿದಾನೆ, ಅನ್ನೋ ಅರ್ಥದ ಮಾತು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಸರ ಹಾಕ್ಕೊಂಡಿದ್ದಕ್ಕೆ ಗಡ್ಡೆ ಬಂತು ಅಂತ ಅವಳು ನಂಬಿದಳು, ಅವಳ ಕಾಲದ ನಂಬಿಕೆ ಅದು, ಪರವಾಗಿಲ್ಲ. ಆದ್ರೆ ಆ ಮಾತಿನ ಒಳಗೆ ಒಬ್ಬ ಪುಟ್ಟ ಹುಡುಗಿನೂ ಇದಾಳೆ, ಅರಮನೇಲಿ ಕನ್ನಡಿ ಮುಂದೆ ನಿಂತು ಒಂದರ ಮೇಲೊಂದು ಸರ ಹಾಕ್ಕೊಂಡು ನೋಡ್ಕೋತಿದ್ದ ಹುಡುಗಿ, ಸಾಯೋ ಹೊತ್ತಿಗೂ ಆ ಸರಗಳು ನೆನಪಿದ್ವು ಅಂದ್ರೆ ಎಷ್ಟು ಇಷ್ಟ ಪಟ್ಟಿರಬೇಕು. ಇಷ್ಟ ಇಲ್ಲದ್ದನ್ನ ಯಾರೂ ತ್ಯಾಗ ಅಂತ ಲೆಕ್ಕ ಇಟ್ಕೊಳಲ್ಲ.

ಸತ್ತಮೇಲೆ ಅವಳೇ ಹೇಳಿದ್ದ ಹಾಗೆ ಎಲ್ಲರ ಜೊತೆಗೆ ಮರದ ಪೆಟ್ಟಿಗೇಲಿ ಹೂತಿದ್ರು. ಹದಿನಾರು ವರ್ಷ ಆದಮೇಲೆ, ಅಂದ್ರೆ 695ರಲ್ಲಿ, ಅವಳ ಅಕ್ಕತಂಗಿಯರಲ್ಲಿ ಒಬ್ಬಳು ಸೆಕ್ಸ್‌ಬರ್, ಅಷ್ಟೊತ್ತಿಗೆ ಮಠದ ಮುಖ್ಯಸ್ಥೆ, ಎಲುಬು ತೆಗೆದು ಚರ್ಚಿನ ಒಳಗೆ ಇಡೋಣ ಅಂದಳು. ದ್ವೀಪದಲ್ಲಿ ದೊಡ್ಡ ಕಲ್ಲು ಎಲ್ಲಿ ಸಿಗಬೇಕು, ಕೆಲವು ಸನ್ಯಾಸಿಗಳು ದೋಣಿ ಹತ್ತಿ ಹುಡುಕ್ಕೊಂಡು ಹೊರಟು, ಈಗಿನ ಕೇಂಬ್ರಿಡ್ಜ್ ಹತ್ರ ಪಾಳು ಬಿದ್ದಿದ್ದ ಒಂದು ಸಣ್ಣ ಕೋಟೆ ಊರಿಗೆ ಬಂದ್ರು, ಅಲ್ಲಿ ಗೋಡೆ ಪಕ್ಕದಲ್ಲೇ ಬಿಳೀ ಅಮೃತಶಿಲೆಯ ಚೆಂದದ ಶವಪೆಟ್ಟಿಗೆ, ಮುಚ್ಚಳ ಸಮೇತ ಸಿಕ್ತು. ಹಳೇ ಗೋರಿ ತೆರೆದ್ರೆ ದೇಹ ಕೊಳೆತೇ ಇರ್ಲಿಲ್ಲ, ಕುತ್ತಿಗೆಯ ಗಾಯ ಮಾಗಿ ತೆಳ್ಳನೆಯ ಕಲೆ ಮಾತ್ರ ಉಳಿದಿತ್ತು ಅಂತ ಆ ವೈದ್ಯನೇ ಹೇಳಿದ್ದಾಗಿ ಬೀಡ್ ಬರೀತಾನೆ. ಈ ಸ್ಥಳಾಂತರದ ನೆನಪಿಗೆ ಅಕ್ಟೋಬರ್ 17 ಅವಳ ಹಬ್ಬ ಆಯ್ತು, ತೀರಿಕೊಂಡ ಜೂನ್ 23 ಇನ್ನೊಂದು. ಗಂಟಲ ಬೇನೆ, ಕುತ್ತಿಗೆ ಬೇನೆ ಇದ್ದೋರು ಅವಳಿಗೆ ಹರಕೆ ಹೊರೋಕೆ ಶುರು ಮಾಡಿದ್ರು. ಮಧ್ಯಯುಗದ ಇಂಗ್ಲೆಂಡಲ್ಲಿ ಅವಳಷ್ಟು ಭಕ್ತರಿದ್ದ ಸಂತ ಮಹಿಳೆಯರು ತೀರಾ ಕಮ್ಮಿ. ಈಲಿಯಲ್ಲಿ ಈಗ ನಿಂತಿರೋ ಮಹಾ ಕೆಥೆಡ್ರಲ್ ಕಟ್ಟೋಕೆ ಶುರು ಮಾಡಿದ್ದು 1080ರ ದಶಕದಲ್ಲಿ, 1322ರಲ್ಲಿ ಅದರ ನಡುಗೋಪುರ ಕುಸಿದು ಬಿದ್ದಮೇಲೆ ಕಟ್ಟಿದ ಎಂಟು ಮೂಲೆಯ ಗೋಪುರದ ಕೆಳಗೆ ಅವಳ ಬದುಕಿನ ಕಥೇನೇ ಕಲ್ಲಲ್ಲಿ ಕೆತ್ತಿದ್ದಾರೆ.

ಹೆಸರು ಮಾತ್ರ ಜನರ ಬಾಯಲ್ಲಿ ಸವೀತಾ ಬಂತು. ಎಥೆಲ್‌ಥ್ರಿತ್ ಅನ್ನೋದು ಲ್ಯಾಟಿನ್‌ನಲ್ಲಿ ಎಥೆಲ್‌ಡ್ರೆಡಾ ಆಯ್ತು, ಹಳ್ಳಿ ಜನರ ಬಾಯಲ್ಲಿ ಆಡ್ರಿ ಆಯ್ತು. ಸೇಂಟ್ ಆಡ್ರಿ ಅಂತ ಬೇಗ ಬೇಗ ಹೇಳಿ ನೋಡಿ, ಸೇಂಟಿನ ಕೊನೇ ಟ್ ಹೋಗಿ ಆಡ್ರಿಗೆ ಅಂಟ್ಕೊಳತ್ತೆ, ಟಾಡ್ರಿ. ಸಂಧಿ ಬಿಡಿಸೋ ಪಾಠ ಓದಿ ಬಂದಿರೋ ನಮಗೆ ಇದೇನು ಆಶ್ಚರ್ಯ ಅಲ್ಲ. ಲಂಡನ್ ಬ್ರಿಜ್ ಹತ್ರ ಟೂಲಿ ಸ್ಟ್ರೀಟ್ ಅಂತ ಒಂದು ಬೀದಿ ಇದೆ, ಅದೂ ಹೀಗೇ ಸೇಂಟ್ ಓಲೇವ್ ಅನ್ನೋದರಿಂದ ಬಂದಿದ್ದು. ಅಡುಗೆ ಮನೆಯ ಏಪ್ರನ್‌ದು ಇದರ ಉಲ್ಟಾ ಕಥೆ, ಅದು ಮೊದಲು ನೇಪ್ರನ್, ಹಿಂದಿನ ಸಣ್ಣ ‘ಎ’ಗೆ ನಕಾರ ಬಿಟ್ಟುಕೊಟ್ಟು ಏಪ್ರನ್ ಆಯ್ತು.

ಈಲಿಯಲ್ಲಿ ಪ್ರತಿ ವರ್ಷ ಅಕ್ಟೋಬರಲ್ಲಿ ಅವಳ ಹಬ್ಬಕ್ಕೆ ಜಾತ್ರೆ ಸೇರ್ತಿತ್ತು, ದೂರದೂರದಿಂದ ವ್ಯಾಪಾರದೋರು ಬರ್ತಿದ್ರು, ಅಲ್ಲಿ ಮಾರ್ತಿದ್ದ ವಸ್ತುಗಳಲ್ಲಿ ಹೆಸರುವಾಸಿ ಅಂದ್ರೆ ಟಾಡ್ರಿ ಲೇಸ್. ಲೇಸ್ ಅಂದ ತಕ್ಷಣ ನಮ್ಮ ತಲೆಗೆ ಬರೋದು ಲಂಗದ ಅಂಚಿಗೆ ಹೊಲಿಯೋ ತೂತುತೂತಿನ ಜಾಲರಿ, ಇದು ಅದಲ್ಲ. ಆಗ ಲೇಸ್ ಅಂದ್ರೆ ದಾರ, ಲಾಡಿ, ಕಟ್ಟೋಕೆ ಬಳಸೋದು, ಶೂ ಲೇಸ್ ಅನ್ನೋದ್ರಲ್ಲಿ ಮಾತ್ರ ಆ ಹಳೇ ಅರ್ಥ ಉಳ್ಕೊಂಡಿದೆ. ಇನ್ನೂ ಹಿಂದಕ್ಕೆ ಹೋದ್ರೆ ಲ್ಯಾಟಿನ್‌ನಲ್ಲಿ ಅದರ ಅರ್ಥ ಕುಣಿಕೆ. ಕುತ್ತಿಗೆಗೆ ಕಟ್ಟೋ ಬಣ್ಣದ ರೇಷ್ಮೆ ದಾರ, ಅಷ್ಟೇ ಇದು, ಕೆಲವರು ಸೊಂಟಕ್ಕೂ ಕಟ್ಕೋತಿದ್ರು.

ಇದು ಮೊದಲಿಂದಲೂ ಕೀಳು ವಸ್ತು ಆಗಿರ್ಲಿಲ್ಲ, ಇದನ್ನ ಗಟ್ಟಿಯಾಗಿ ಹೇಳಬೇಕು. 1579ರಲ್ಲಿ ಎಡ್ಮಂಡ್ ಸ್ಪೆನ್ಸರ್ ಅನ್ನೋ ಕವಿ ಎಲಿಜಬೆತ್ ರಾಣಿನ ಹೊಗಳಿ ಬರೆದ ಒಂದು ಪದ್ಯದಲ್ಲಿ, ಕುರುಬರ ಹೆಣ್ಣುಮಕ್ಕಳೇ ಬನ್ನಿ, ಚೆಂದಾಗಿ ಸಿಂಗಾರ ಮಾಡ್ಕೊಂಡು ಬನ್ನಿ, ನಡುವಿಗೆ ಟಾಡ್ರಿ ಲೇಸ್ ಬಿಗಿದು ಬನ್ನಿ ಅಂತ ಕರೀತಾನೆ. ರಾಣಿ ಎದುರಿಗೆ ಹೋಗೋವಾಗ ಹಾಕ್ಕೊಂಡು ಹೋಗೋ ಅಲಂಕಾರ ಅದು. ಅದರಲ್ಲಿ ಒಂದು ತೊಟ್ಟು ತಾತ್ಸಾರನೂ ಇಲ್ಲ.

ಮುಂದೆ ಒಂದು ಮೂವತ್ತು ವರ್ಷ ಬಿಟ್ಟು ಶೇಕ್ಸ್‌ಪಿಯರ್‌ನ ದಿ ವಿಂಟರ್ಸ್ ಟೇಲ್ ನಾಟಕಕ್ಕೆ ಬನ್ನಿ. ಅಲ್ಲಿ ಕುರಿ ಉಣ್ಣೆ ಕತ್ತರಿಸೋ ಹಬ್ಬದ ದೃಶ್ಯ ಇದೆ, ಆಟೋಲಿಕಸ್ ಅನ್ನೋ ವ್ಯಾಪಾರಿ ರಿಬ್ಬನ್ನು ಗ್ಲೌಸು ಹೊತ್ಕೊಂಡು ಬರ್ತಾನೆ, ಮಾಪ್ಸಾ ಅನ್ನೋ ಹಳ್ಳಿ ಹುಡುಗಿ ತನ್ನ ಹುಡುಗನ್ನ ಹಿಡ್ಕೊಂಡು ‘ನೀನು ನಂಗೆ ಟಾಡ್ರಿ ಲೇಸು, ಸುವಾಸನೆ ಗ್ಲೌಸು ಕೊಡಿಸ್ತೀನಿ ಅಂದಿದ್ದೆ’ ಅಂತ ಜ್ಞಾಪಿಸ್ತಾಳೆ. ಆ ವ್ಯಾಪಾರಿ ಜೇಬುಗಳ್ಳ, ಆ ಹುಡುಗಿ ಪೆದ್ದಿ, ನೋಡೋ ಲಂಡನ್ ಜನ ನಗೋಕೆ ಅಂತಲೇ ಬರೆದ ದೃಶ್ಯ. ದಾರ ಅದೇ. ಅದನ್ನ ಆಸೆ ಪಡೋಳು ಯಾರು ಅನ್ನೋದರ ಮೇಲೆ ಬೆಳಕು ಬಿದ್ದಿದೆ. ಅದೇ ಶೇಕ್ಸ್‌ಪಿಯರ್ ಇನ್ನೊಂದು ನಾಟಕದಲ್ಲಿ ಆಡು ಮೇಯಿಸೋ ಹಳ್ಳಿ ಹುಡುಗಿಗೆ ಆಡ್ರಿ ಅಂತಲೇ ಹೆಸರಿಟ್ಟಿದ್ದಾನೆ, ಅಂದ್ರೆ ಒಂದು ಕಾಲದ ರಾಣಿಯ ಹೆಸರು ಅಷ್ಟೊತ್ತಿಗೆ ಹಳ್ಳಿ ಹೆಸರು ಆಗಿಹೋಗಿತ್ತು.

ಈ ನಡುವೆ ಈಲಿಯಲ್ಲಿ ಆಗಬಾರದ್ದು ಆಗಿತ್ತು. ಎಂಟನೇ ಹೆನ್ರಿ ಇಂಗ್ಲೆಂಡಿನ ಮಠಗಳನ್ನೆಲ್ಲ ಮುಚ್ಚಿಸಿದಾಗ 1539ರಲ್ಲಿ ಈಲಿ ಮಠನೂ ಮುಚ್ಚಿತು, 1541ರಲ್ಲಿ ಅಲ್ಲಿನ ಬಿಷಪ್ ಗುಡ್‌ರಿಚ್ ತನ್ನ ವ್ಯಾಪ್ತಿಯ ವಿಗ್ರಹ, ಗದ್ದುಗೆಗಳನ್ನೆಲ್ಲ ಒಡೆದು ಹಾಕಬೇಕು ಅಂತ ಆಜ್ಞೆ ಹೊರಡಿಸಿದ. ಎಂಟು ನೂರು ವರ್ಷಕ್ಕೂ ಹೆಚ್ಚು ಕಾಲ ಜನ ಹರಕೆ ಹೊತ್ತು ಬರ್ತಿದ್ದ ಸಮಾಧಿ ಇಲ್ಲದಂತಾಯ್ತು, ಈಗ ಕೆಥೆಡ್ರಲ್ ನೆಲದಲ್ಲಿ ಇಲ್ಲಿ ಇತ್ತು ಅಂತ ಗುರುತಿಗೆ ಒಂದು ಕಲ್ಲು ಹಾಕಿದ್ದಾರೆ ಅಷ್ಟೇ. ಗದ್ದುಗೆ ಹೋದಮೇಲೆ ದಾರಕ್ಕೆ ಬೆನ್ನಿಗೆ ಇದ್ದ ದೇವರು ಹೋದ ಹಾಗಾಯ್ತು. ಬರೀ ದಾರ ಉಳೀತು.

ಇನ್ನೊಂದು ವಿಷಯನೂ ಇದರ ಜೊತೆಗೆ ಇಟ್ಟು ನೋಡಬೇಕು ಅಂತ ನನಗೆ ಬಲವಾಗಿ ಅನ್ಸತ್ತೆ, ಇದು ನನ್ನ ಸ್ವಂತ ಲೆಕ್ಕಾಚಾರ. ಇಂಗ್ಲೆಂಡಲ್ಲಿ ಆಗ ಯಾವ ದರ್ಜೆಯವರು ಯಾವ ಬಟ್ಟೆ ತೊಡಬೇಕು ಅಂತ ಕಾನೂನೇ ಇತ್ತು. 1574ರಲ್ಲಿ ಎಲಿಜಬೆತ್ ಹೊರಡಿಸಿದ ಆಜ್ಞೇಲಿ ರೇಷ್ಮೆ, ವೆಲ್ವೆಟ್, ಚಿನ್ನದ ಎಳೆ ಇದೆಲ್ಲ ಯಾರ್ಯಾರಿಗೆ ಅಂತ ಪಟ್ಟಿ ಮಾಡಿದ್ರು, ಕೆಳಗಿನೋರು ಮೇಲಿನೋರ ಹಾಗೆ ಕಾಣಬಾರ್ದು ಅನ್ನೋದೇ ಅದರ ತಿರುಳು. ಮೊದಲನೇ ಜೇಮ್ಸ್ ಕಾಲದಲ್ಲಿ, 1604ರಲ್ಲಿ, ಈ ಕಾನೂನುಗಳನ್ನ ತೆಗೆದು ಹಾಕಿದ್ರು. ಅಲ್ಲಿಂದ ಮುಂದೆ ದುಡ್ಡು ಇದ್ರೆ ಯಾರು ಏನು ಬೇಕಾದ್ರೂ ತೊಡಬಹುದು. ಕಾನೂನು ಹೋದಮೇಲೆ ಮೇಲಿನೋರು ಕೆಳಗಿನೋರು ಅಂತ ಗೆರೆ ಎಳೆಯೋಕೆ ಉಳಿದಿದ್ದು ಏನು, ಅಭಿರುಚಿ ಅನ್ನೋ ಮಾತು. ನೀನು ರೇಷ್ಮೆ ಹಾಕ್ಕೋ, ಬೇಡ ಅನ್ನಲ್ಲ, ಆದ್ರೆ ನಿನ್ನ ರೇಷ್ಮೆ ಕಳಪೆ. 1670ರ ದಶಕದ ಹೊತ್ತಿಗೆ ಟಾಡ್ರಿ ಅನ್ನೋದು ಲೇಸನ್ನ ಬಿಟ್ಟು ತಾನೇ ಒಂದು ವಿಶೇಷಣ ಆಗಿ, ಅಗ್ಗದ ಥಳಕು ಅನ್ನೋ ಅರ್ಥದಲ್ಲಿ ಓಡಾಡ್ತಾ ಇತ್ತು.

ಕುತ್ತಿಗೇಲಿ ಏನು ಹಾಕ್ಕೋಬೇಕು ಅಂತ ಇನ್ನೊಬ್ಬರು ಹೇಳೋದು ನಮಗೆ ಹೊಸದಾ. ಪಕ್ಕದ ಕೇರಳದಲ್ಲಿ ಪುಲಯ ಹೆಣ್ಣುಮಕ್ಕಳು ಚಿನ್ನ ಬೆಳ್ಳಿ ಹಾಕೋ ಹಾಗಿರ್ಲಿಲ್ಲ, ಕಲ್ಲಿನ ಮಣಿ ಪೋಣಿಸಿದ ಕಲ್ಲುಮಾಲೆನೇ ಹಾಕಬೇಕು, ಅದೇ ಅವರ ಜಾತಿಯ ಗುರುತು. 1915ರಲ್ಲಿ ಕೊಲ್ಲಂ ಹತ್ರದ ಪೆರಿನಾಡಿನಲ್ಲಿ ಅದರ ವಿರುದ್ಧ ಹೋರಾಟ ಎದ್ದು, ದಲಿತ ನಾಯಕ ಅಯ್ಯನ್‌ಕಾಳಿಯವರ ಮುಂದಾಳತ್ವದಲ್ಲಿ ಸಭೆ ಸೇರಿ, ಹೆಂಗಸರು ತುಂಬಿದ ಸಭೇಲಿ ಆ ಮಾಲೆಗಳನ್ನ ಕಿತ್ತು ಹಾಕಿದ್ರು. ಈಲಿಗೂ ಪೆರಿನಾಡಿಗೂ ಏನು ಸಂಬಂಧ ಅಂತ ಕೇಳಬಹುದು, ಇತಿಹಾಸದ ಸಂಬಂಧ ಏನೂ ಇಲ್ಲ. ಆದ್ರೆ ಇದನ್ನ ಬರೆಯೋವಾಗ ಆ ಹೆಂಗಸರು ನೆನಪಾಗದೆ ಇರೋಕೆ ಸಾಧ್ಯ ಆಗ್ಲಿಲ್ಲ.

ಮತ್ತೆ ಇಂಗ್ಲೆಂಡಿಗೆ. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ಪ್ರಖ್ಯಾತ ನಿಘಂಟು ಹೊರತಂದಾಗ ಟಾಡ್ರಿ ಪದಕ್ಕೆ ಕೊಟ್ಟ ಅರ್ಥ ಬಹಳ ಕರಾರುವಾಕ್ಕಾಗಿದೆ. ಖರ್ಚಿಲ್ಲದ ವೈಭವ, ಲಾವಣ್ಯ ಇಲ್ಲದ ಸೊಗಸು, ನಯ ಇಲ್ಲದ ತೋರಿಕೆ, ಈ ಧಾಟೀಲಿ ಸಾಗತ್ತೆ, ಈಲಿ ಜಾತ್ರೇಲಿ ಕೊಂಡ ವಸ್ತುಗಳಿಂದ ಬಂದ ಪದ ಅಂತ ಮೂಲನೂ ಕೊಟ್ಟಿದ್ದಾನೆ. ಕೊನೇಗೆ ಒಂದು ಸಾಲು ಸೇರಿಸ್ತಾನೆ, ಇದನ್ನ ವಸ್ತುಗಳಿಗೂ ಹೇಳ್ತಾರೆ, ಅದನ್ನ ತೊಟ್ಟಿರೋ ಮನುಷ್ಯರಿಗೂ ಹೇಳ್ತಾರೆ ಅಂತ. ಆ ಕೊನೇ ಸಾಲೇ ನನ್ನ ಚುಚ್ಚಿದ್ದು. ದಾರದಿಂದ ಶುರುವಾದ ಪದ ಜಾತ್ರೆ ಮುಗಿಸಿ, ಅಂಗಡಿ ದಾಟಿ, ಆ ಹುಡುಗಿಯ ಮೈಮೇಲೆ ಬಂದು ಕೂತ್ಕೊಂಡಿತು.

ಇದು ಹೇಗೆ ಆಗತ್ತೆ ಅಂತ ನಾನು ಕಣ್ಣಾರೆ ನೋಡಿದೀನಿ. ಸಿರ್ಸಿ ಜಾತ್ರೆ ಎರಡು ವರ್ಷಕ್ಕೊಮ್ಮೆ, ಬಿಡ್ಕಿಬೈಲಿನಲ್ಲಿ ದೇವಿ ಗದ್ದುಗೆ ಏರಿದಳು ಅಂದ್ರೆ ಊರಿಗೂರೇ ಅಲ್ಲಿರತ್ತೆ. ಅತ್ತೆ ಅಂಗಡಿ ಅಂದ್ರೆ ನಾಲ್ಕು ಬಿದಿರು ಗಳ, ಮೇಲೊಂದು ತಾಡಪತ್ರಿ, ಎದುರಿಗೆ ಇಳಿಬಿಟ್ಟ ಮಣಿಸರ, ಜಡೆಕುಚ್ಚು, ಪಕ್ಕದಲ್ಲಿ ಸಾಲಾಗಿ ಗಾಜಿನ ಬಳೆ, ಒಂದು ಪೆಟ್ಟಿಗೆ ತುಂಬ ರಿಬ್ಬನ್ ಸುರುಳಿ. ರಿಬ್ಬನ್ ಅಳೆದು ಕತ್ತರಿಸಿ ಕೊಟ್ಟುಬಿಡ್ತಿರ್ಲಿಲ್ಲ ಅತ್ತೆ, ಎರಡೂ ತುದಿನ ಮೇಣದಬತ್ತಿ ಉರಿಗೆ ಒಂದು ಕ್ಷಣ ತೋರಿಸಿ ಹೆಬ್ಬೆರಳಲ್ಲಿ ಒತ್ತಿ ಕೊಡ್ತಿದ್ರು, ಎಳೆ ಬಿಚ್ಚಿಕೊಳ್ಳಬಾರ್ದು ಅಂತ, ಅವರ ಹೆಬ್ಬೆರಳ ತುದಿ ಯಾವಾಗಲೂ ಗಟ್ಟಿಯಾಗಿ ಹೊಳೀತಿತ್ತು. ಬಳೆ ಸೈಜು ಕೇಳ್ತಾನೇ ಇರ್ಲಿಲ್ಲ, ಕೈ ಹಿಡಿದು ಗಿಣ್ಣು ಒತ್ತಿ ನೋಡಿ ‘ಎರಡು ನಾಲ್ಕು’ ‘ಎರಡು ಆರು’ ಅಂತ ತಾವೇ ಹೇಳಿ, ‘ಕೈ ಬಿಗಿ ಮಾಡಬೇಡ ಮಗಾ, ಬಿಡು, ಆ ಕಡೆ ನೋಡು’ ಅಂತ ಮಾತಾಡ್ತಾ ಮಾತಾಡ್ತಾ ತೊಡಿಸಿಬಿಡ್ತಿದ್ರು. ಹಸಿರು ಬಳೆ ತೊಡಿಸಿ ಮುಗಿದಮೇಲೆ ಆ ಕೈಗಳಿಗೆ ಒಂದು ಸಲ ನಮಸ್ಕಾರ ಮಾಡ್ತಿದ್ರು, ಯಾರದ್ದೇ ಕೈ ಆಗಿರ್ಲಿ.

ಆ ಮಾಲು ಅಗ್ಗದ್ದೇ. ಅದನ್ನ ಅಲ್ಲ ಅನ್ನಲ್ಲ. ಸರದ ಹೊಳಪು ಒಂದು ಮಳೆಗಾಲ ದಾಟ್ತಿರ್ಲಿಲ್ಲ, ಆದ್ರೆ ಕೊಳ್ಳೋರಿಗೆ ಅದು ಗೊತ್ತಿತ್ತು, ಮಾರೋರಿಗೂ ಗೊತ್ತಿತ್ತು, ಯಾರೂ ಯಾರಿಗೂ ಮೋಸ ಮಾಡ್ತಿರ್ಲಿಲ್ಲ. ಕೂಲಿ ದುಡ್ಡಲ್ಲಿ ಉಳಿಸಿ ಮಗಳಿಗೆ ಒಂದು ಸರ ಕೊಡಿಸೋ ತಾಯಿ ಅದನ್ನ ಚಿನ್ನ ಅಂತ ತೋರಿಸಿಕೊಳ್ಳೋಕೆ ಕೊಳ್ತಿರ್ಲಿಲ್ಲ, ಜಾತ್ರೆಗೆ ಬಂದು ಬರೀ ಕೈಲಿ ಮನೆಗೆ ಹೋಗಬಾರ್ದು ಅಂತ ಕೊಳ್ತಿದ್ದಳು. ಅದೇ ಸರ ನಾನು ಒಂದು ಮದುವೆಗೆ ಹಾಕ್ಕೊಂಡು ಹೋದಾಗ ಹಿಂದಿನ ಸಾಲಲ್ಲಿ ಕೂತಿದ್ದೋರೊಬ್ಬರು ‘ಜಾತ್ರೆ ಸರ ಹಾಕ್ಕೊಂಡು ಬಂದಿದಾಳೆ ನೋಡು’ ಅಂದ್ರು. ಸರ ಚೆನ್ನಾಗಿಲ್ಲ ಅಂದಿದ್ರೆ ಬೇಜಾರಾಗ್ತಿರ್ಲಿಲ್ಲ. ಅವರು ಹೇಳಿದ್ದು ಸರದ ಬಗ್ಗೆ ಅಲ್ಲ. ಜಾನ್ಸನ್‌ನ ಆ ಕೊನೇ ಸಾಲು ಓದಿದಾಗ ಮೊದಲು ಕೇಳಿದ್ದು ಆ ಧ್ವನಿನೇ.

ಹೆಣ್ಣು ಸಂತರ ಹೆಸರಿಗೇ ಹೀಗಾಗಿರೋದು ಇದೊಂದೇ ಅಲ್ಲ. ಮಾಡ್ಲಿನ್ ಅನ್ನೋ ಇನ್ನೊಂದು ವಿಶೇಷಣ ಇದೆ, ಕುಡಿದು ಗೋಳೋ ಅಂತ ಅಳೋ, ಅತಿ ಭಾವುಕತೆ ಸುರಿಸೋ ಅನ್ನೋ ಅರ್ಥ, ಅದು ಬಂದಿದ್ದು ಏಸುವಿನ ಶಿಷ್ಯೆ ಮೇರಿ ಮಗ್ದಲೀನಳಿಂದ, ಚಿತ್ರಗಳಲ್ಲಿ ಅವಳು ಯಾವಾಗಲೂ ಅಳ್ತಾ ಇರ್ತಾಳೆ ಅಂತ. ಅವಳ ದುಃಖ ನಗೆಪಾಟಲಾಯ್ತು, ಇವಳ ಕುತ್ತಿಗೆ ಥಳಕಾಯ್ತು. ಆಡ್ರಿ ಅನ್ನೋ ಹೆಸರು ಮಾತ್ರ 20ನೇ ಶತಮಾನದಲ್ಲಿ ಮೇಲೆದ್ದು ಬಂತು, ಆಡ್ರಿ ಹೆಪ್‌ಬರ್ನ್ ಹೆಸರು ಕೇಳಿದ್ರೆ ಇವತ್ತು ಯಾರಿಗೂ ಅಗ್ಗದ್ದು ನೆನಪಾಗಲ್ಲ, ಸೊಬಗು ಅನ್ನೋದಕ್ಕೇ ಉದಾಹರಣೆ ಕೊಡ್ತಾರೆ. ಸಂತಳ ನೆನಪೂ ಪೂರ್ತಿ ಅಳಿದಿಲ್ಲ. ಲಂಡನ್ನಿನ ಹೋಬರ್ನ್ ಹತ್ರ ಈಲಿ ಪ್ಲೇಸ್ ಅನ್ನೋ ಓಣೀಲಿ 13ನೇ ಶತಮಾನದ ಒಂದು ಚರ್ಚ್ ಅವಳ ಹೆಸರಲ್ಲಿ ಇನ್ನೂ ಇದೆ, ಅಲ್ಲಿ ಫೆಬ್ರವರಿ 3ಕ್ಕೆ ಸಂತ ಬ್ಲೇಸ್ ಹಬ್ಬದ ದಿನ ಗಂಟಲಿಗೆ ಆಶೀರ್ವಾದ ಮಾಡ್ತಾರೆ, ಎರಡು ಮೇಣದಬತ್ತಿಗಳನ್ನ ಅಡ್ಡಡ್ಡ ಕಟ್ಟಿ ಕುತ್ತಿಗೆಗೆ ತಾಗಿಸಿ ಪ್ರಾರ್ಥನೆ ಹೇಳ್ತಾರೆ.

ಇಷ್ಟು ಹೊತ್ತು ನಾನು ಜಾತ್ರೆ ಕಥೆನೇ ಹೇಳಿದೆ, ನಿಘಂಟುಗಳು ಹೆಚ್ಚಾಗಿ ಹೇಳೋದೂ ಅದನ್ನೇ, ಜಾತ್ರೇಲಿ ಮಾರ್ತಿದ್ರು ಅದಕ್ಕೇ ಆ ಹೆಸರು, ಮಾಲು ಅಗ್ಗ ಆಗಿತ್ತು ಅದಕ್ಕೇ ಆ ಅರ್ಥ. ಆದ್ರೆ ಇನ್ನೊಬ್ಬ ಬರೆದಿಟ್ಟ ಮಾತು ಇದೆ. 16ನೇ ಶತಮಾನದ ನಿಕೊಲಸ್ ಹಾರ್ಪ್ಸ್‌ಫೀಲ್ಡ್ ಅಂತ ಒಬ್ಬ ಕ್ಯಾಥೊಲಿಕ್ ಪಾದ್ರಿ, ಎಲಿಜಬೆತ್ ಕಾಲದಲ್ಲಿ ತನ್ನ ನಂಬಿಕೆ ಬಿಡಲಿಲ್ಲ ಅಂತ ಎಷ್ಟೋ ವರ್ಷ ಜೈಲಲ್ಲಿ ಕಳೆದೋನು. ಲ್ಯಾಟಿನ್‌ನಲ್ಲಿ ಇಂಗ್ಲೆಂಡಿನ ಚರ್ಚಿನ ಇತಿಹಾಸ ಬರೆದ, ಅವನು ಸತ್ತು ಎಷ್ಟೋ ವರ್ಷ ಆದಮೇಲೆ 1622ರಲ್ಲಿ ಅದು ಅಚ್ಚಾಯ್ತು. ಎಥೆಲ್‌ಡ್ರೆಡಾಳ ಸಾವು, ಅವಳ ಆ ಹಾರದ ಮಾತು ಹೇಳಿ ಮುಗಿಸಿದ ಜಾಗದಲ್ಲಿ ಅವನು ಒಂದು ಮಾತು ಸೇರಿಸ್ತಾನೆ: ನಮ್ಮ ಇಂಗ್ಲೆಂಡಿನ ಹೆಂಗಸರು ಕುತ್ತಿಗೆಗೆ ಸಣ್ಣ ರೇಷ್ಮೆ ಎಳೆಯ ಹಾರ ಹಾಕ್ಕೋತಾರೆ, ಅದಕ್ಕೆ ಎಥೆಲ್‌ಡ್ರೆಡಾಳ ಹಾರ ಅಂತಾರೆ, ಬಹುಶಃ ಇದೇ ನೆನಪಿಗೆ ಇರಬೇಕು, ಅಂತ.

ಇದನ್ನ ಓದಿದಾಗ ನನಗೆ ಇಡೀ ಕಥೆ ಬೇರೆಯಾಗಿ ಕಾಣಿಸ್ತು. ವಿದ್ವಾಂಸರು ಇದನ್ನ ಎರಡು ವಾದ ಅಂತ ನೋಡ್ತಾರೆ, ಒಂದೋ ಭಕ್ತಿಯ ನೆನಪಿನ ದಾರ, ಇಲ್ಲಾಂದ್ರೆ ಜಾತ್ರೆಯ ಮಾಲು, ಎರಡರಲ್ಲಿ ಯಾವುದರಿಂದ ಪದ ಬಂತು ಅಂತ. ಜಾತ್ರೆ ನೋಡಿದೋರಿಗೆ ಈ ಪ್ರಶ್ನೆನೇ ಹುಟ್ಟಲ್ಲ. ಮಾರಿಕಾಂಬೆಗೆ ಉಡಿ ತುಂಬಿ, ಹಣ್ಣುಕಾಯಿ ಮಾಡಿಸಿ, ಅಲ್ಲಿಂದ ನೇರ ಅತ್ತೆ ಅಂಗಡಿಗೆ ಬಂದು ಬಳೆ ತೊಡಿಸಿಕೊಳ್ಳೋ ಹೆಂಗಸನ್ನ ನಿಲ್ಲಿಸಿ, ನೀವು ಬಂದಿದ್ದು ಭಕ್ತಿಗಾ ವ್ಯಾಪಾರಕ್ಕಾ ಅಂತ ಕೇಳಿ ನೋಡಿ, ಏನು ಹೇಳ್ತಾಳೆ. ಆ ಬಳೆ ಅಮ್ಮನ ಜಾತ್ರೆ ಬಳೆ, ಅದಕ್ಕೆ ದುಡ್ಡ ಕೊಟ್ಟಿದಾಳೆ, ಚೌಕಾಸಿನೂ ಮಾಡಿದಾಳೆ, ಒಡೆಯೋ ತನಕ ಜೋಪಾನ ಮಾಡ್ತಾಳೆ. ಈಲಿಯ ಹುಡುಗೀರೂ ಹಾಗೇ ಇದ್ದಿರಬೇಕು ಅಂತ ನನ್ನ ನಂಬಿಕೆ. ರಾಣಿಯೊಬ್ಬಳು ಪಾಪ ಅಂತ ಬಿಸಾಡಿದ ಹಾರವನ್ನ ಅವರು ರೇಷ್ಮೆ ದಾರದಲ್ಲಿ ಮತ್ತೆ ಕಟ್ಟಿಕೊಂಡ್ರು, ಅವಳ ಹೆಸರು ಹೇಳ್ಕೊಂಡೇ ಕಟ್ಟಿಕೊಂಡ್ರು, ಗಂಟಲಿಗೆ ಕಾವಲು ಅಂತಲೂ ಕಟ್ಟಿಕೊಂಡ್ರು ಚೆಂದ ಕಾಣತ್ತೆ ಅಂತಲೂ ಕಟ್ಟಿಕೊಂಡ್ರು. ಟಾಡ್ರಿ ಪದದ ವಿವರಣೆ ಕೊಡೋ ಕಡೆ ಎಲ್ಲ ಜಾತ್ರೆ, ಅಗ್ಗದ ಮಾಲು ಅನ್ನೋದೇ ಮೊದಲು ಬರತ್ತೆ, ಹಾರ್ಪ್ಸ್‌ಫೀಲ್ಡ್ ಮಾತು ಕೊನೇಗೆ ಬರತ್ತೆ, ಎಷ್ಟೋ ಕಡೆ ಬರೋದೇ ಇಲ್ಲ. ಆ ದಾರ ಕಟ್ಟಿಕೊಂಡಿದ್ದ ಹೆಂಗಸರನ್ನ ಕಂಡು, ಅವರು ಅದಕ್ಕೆ ಏನು ಹೆಸರಿಟ್ಟಿದ್ರು ಅಂತ ಬರೆದೋನು ಅವನು, ಅವನ ಮಾತು ಮೊದಲು ಬರಬೇಕು.